ಕೆಜಿ ಲೆಕ್ಕದಲ್ಲಿ ಮೈಸೂರು–ಕಲಬುರಗಿ

ವರ್ಗಾವಣೆಯ ಆದೇಶ ಬಂದದ್ದು ಮಂಗಳವಾರ,
ಹರಾಜು ಮುಗಿದು ತೊಟ್ಟಿಗಳ ತಳದಲ್ಲಿ
ಬಿಳಿ ನವಿರು ಮಾತ್ರ ಅಂಟಿಕೊಂಡಿದ್ದ ಹೊತ್ತು.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಮೈಸೂರಿಗೆ.
ಹದಿನಾರು ವರ್ಷ ಇಲ್ಲೇ ಕೂತು ತೂಕ ಬರೆದವನು ನಾನು,
ಯಾವ ಸುದ್ದಿ ಬಂದರೂ ಬಾಯಿಗೆ ಬರುವ ಮೊದಲ ಮಾತು:
ಎಷ್ಟು?

ಮಹಾನಂದಾ ಕಲಬುರಗಿಯ ಆಸ್ಪತ್ರೆಯಲ್ಲಿ,
ಹೆರಿಗೆ ವಾರ್ಡು, ರಾತ್ರಿ ಪಾಳಿ.
ಫೋನಿನಲ್ಲಿ ಹೇಳಿದೆ: ಮೈಸೂರಲ್ಲೂ ವಿಮಾನ ನಿಲ್ದಾಣ ಇದೆ,
ನಿಮ್ಮಲ್ಲೂ ಇದೆ.
ನೇರ ವಿಮಾನ ಇದೆಯೋ ಇಲ್ಲವೋ, ಅದು ಬೇರೆ ಮಾತು.
ನೂಲು ಹಿಡಿದ ಹಾಗೆ ಅಳೆದರೆ
ಐನೂರ ಅರವತ್ತೈದು ಕಿಲೋಮೀಟರು.
ಒಂದು ಗಂಟೆ ಇಪ್ಪತ್ತು ನಿಮಿಷ.
ಅವಳು ಆಕಳಿಸಿದಳು.
"ಕಾಗದದ ಮ್ಯಾಲ ನೀವು ಯಾವಾಗ್ಲೂ ಲಗೂ ಬರ್ತೀರಿ ನೋಡ್ರಿ."

ಗೇಟಿನ ಚಹಾದಂಗಡಿಯಲ್ಲಿ ಲಾರಿಯ ಖಾದರ್‌ವಲಿ
ರಸ್ತೆಯಲ್ಲಿ ಏಳುನೂರು ಚಿಲ್ಲರೆ ಅಂದ,
ಆಮೇಲೆ ಲೋಟ ಕೆಳಗಿಟ್ಟು ನನ್ನನ್ನೇ ಕೇಳಿದ:
"ಅಂಗಾರೆ ಮ್ಯಾಲೆ ಭೂಮಿ ಕಮ್ಮಿನಾ ಸಾರ್?"
ಉತ್ತರ ಗೊತ್ತಿತ್ತು. ಹೇಳಲು ಮನಸ್ಸಾಗಲಿಲ್ಲ.
ಹಂಪು, ಟೋಲು, ಪಂಕ್ಚರು, ಚಿತ್ರದುರ್ಗದ ಇಡ್ಲಿ
ಇಷ್ಟನ್ನೂ ಕಳೆದು ಉಳಿದದ್ದಕ್ಕೆ
ದೂರ ಅನ್ನಬೇಕೋ ಬೇಡವೋ
ಅವನಿಗೂ ಅನುಮಾನ, ನನಗೂ.

ರಾತ್ರಿ ಖಾಲಿ ಹಾಲಿನಲ್ಲಿ ಒಬ್ಬನೇ ಲೆಕ್ಕಕ್ಕೆ ಕೂತೆ.
ಒಳ್ಳೆಯ ಗೂಡೊಂದರಲ್ಲಿ ಎಳೆ ಸಾವಿರ ಮೀಟರು.
ಹುಳು ಎಲ್ಲಿಗೂ ಹೋಗುವುದಿಲ್ಲ,
ಕೂತಲ್ಲೇ ತಲೆ ತೂಗಿ ತೂಗಿ ಮೂರು ದಿನಕ್ಕೆ
ಒಂದು ಕಿಲೋಮೀಟರು ನಡೆದು
ತನ್ನೊಳಗೇ ಮುಟ್ಟುತ್ತದೆ.
ಐನೂರ ಅರವತ್ತೈದು ಗೂಡು ಎಣಿಸಿ
ತಕ್ಕಡಿಗೆ ಹಾಕಿದೆ.
ಹೆಚ್ಚುಕಮ್ಮಿ ಒಂದು ಕೆಜಿ.
ಮುಳ್ಳು ಅಲುಗಿ ನಿಂತಿತು.
ನನ್ನ ಅವಳ ನಡುವಿನ ಆಕಾಶವೆಲ್ಲ
ತರಕಾರಿ ಚೀಲದಲ್ಲಿ ಹಿಡಿಯುತ್ತದೆ ಎಂದು ತಿಳಿದು
ಬಹಳ ಹೊತ್ತು ಸುಮ್ಮನೆ ನಕ್ಕೆ.

ಬೆಳಿಗ್ಗೆ ಅಮೀರ್‌ಜಾನರ ಫಿಲೇಚರಿನಲ್ಲಿ
ಬಿಸಿನೀರಿನ ಬೇಸಿನ್ನಿಗೆ ಬಾಗಿದ್ದ ನಾರೆಮ್ಮನಿಗೆ ಹೇಳಿದೆ.
ಬೆರಳು ಬೆಂದು ಬಿಳಚಿದ ಕೈ ಎತ್ತಿ ತಡೆದಳು.
"ಅಂಗಲ್ಲ ಸಾರ್. ಒಂದೇ ಎಳೆ ನಿಲ್ಲಾಕಿಲ್ಲ.
ಉಸಿರು ತಾಕಿದ್ರೆ ಸಾಕು, ತುಂಡು.
ಎಂಟು ಸೇರಿದ್ರೇನೆ ದಾರ.
ಎಂಟು ಕೆಜಿ ಬರೀರಿ.
ಮತ್ತೆ ಮಧ್ಯ ಎಷ್ಟು ಕಿತ್ತೋಗ್ತದೋ ಅದನ್ನೂ ಬರೀರಿ,
ಎಷ್ಟು ಸಲ ತುದಿ ಹುಡುಕಿದ್ವೋ ಅದನ್ನೂ.
ನಿಮ್ ಒಂದು ಗಂಟೆ ಇಪ್ಪತ್ತು ನಿಮಿಷದಾಗೆ
ಅದೆಲ್ಲ ಅಯ್ತಾ?"

ಇರಲಿಲ್ಲ.
ಶಿಡ್ಲಘಟ್ಟದ ಬಸ್ಸು ಇರಲಿಲ್ಲ, ಬೆಲ್ಟು ಬಿಚ್ಚಿ ನಿಲ್ಲುವ ಸಾಲು,
ರಜೆಯ ಅರ್ಜಿ, ಅದರ ಮೇಲೆ ಕೆಂಪು ಶಾಯಿ,
ಬಾಗಿಲು ತೆರೆದಾಗ ಮೊದಲ ಐದು ನಿಮಿಷ
ನೆಂಟರ ಹಾಗೆ ನಿಲ್ಲುವ ನಾವಿಬ್ಬರು, ಯಾವುದೂ ಇರಲಿಲ್ಲ.

ಹೊಗೆಕೊಳವೆಯ ಮೇಲೆ ವಿಮಾನವೊಂದು
ದೇವನಹಳ್ಳಿಯ ಕಡೆ ತಗ್ಗಿ ಹೋಯಿತು.
ಬೇಸಿನ್ನಿನಲ್ಲಿ ಗೂಡುಗಳು ಕುಣಿಯುತ್ತಿದ್ದವು,
ಒಳಗಿನವಕ್ಕೆ ರೆಕ್ಕೆ ಬರುವ ಮೊದಲೇ.
ಬಂದರೂ ಏನು, ಅದು ಹಾರುವುದು ಮರೆತ ಜಾತಿ.
ನಾರೆಮ್ಮ ಮೇಲೆ ನೋಡಲಿಲ್ಲ.
ನೋಡಿದರೆ ಎಳೆ ತಪ್ಪುತ್ತದೆ.

ಪಾಳಿ ಮುಗಿಸಿ ಮಹಾನಂದಾ ಫೋನು ಮಾಡಿದಳು.
"ಎಷ್ಟ ಆತ್ರಿ ದೂರ?"
ಎಂಟು ಕೆಜಿ ಅಂದೆ.
ಒಂದು ಗಳಿಗೆ ಸದ್ದಿಲ್ಲ. ಮನಸ್ಸಿನಲ್ಲೇ ಕೂಡಿಸುತ್ತಿದ್ದಳು.
"ರಾತ್ರಿ ಮೂರು ಕೂಸು ಹುಟ್ಟ್ಯಾವ.
ಎರಡೂವರಿ, ಎರಡು ಆರನೂರು, ಎರಡು ಒಂಬೈನೂರು.
ಸರಿಯಾಗಿ ಎಂಟ ಕೆಜಿ.
ಅಷ್ಟಾದ್ರ ಎತ್ತತೀನಿ ತಗೋರಿ,
ದಿನಾ ಎತ್ತೋದ ಅದ..."

ಲೈನು ಕಿತ್ತುಹೋಯಿತು.
ಬೇಸಿನ್ನಿನ ಹಬೆಯಲ್ಲಿ ಕನ್ನಡಕ ಒರೆಸಿಕೊಂಡು
ಮತ್ತೆ ತುದಿ ಹುಡುಕಿದೆ.